ನಮ್ಮ ಟಾಕಿಯ ನೀರು, ಅವ್ವನ ಅರವಟ್ಟಿಗೆ

ನಮ್ಮೂರಲ್ಲಿ ನಳಕ್ಕೆ ನೀರು ಬರುವ ಮೊದಲು ಗಾಳಿ ಬರುತ್ತಿತ್ತು. ನಳದ ಬಾಯಿ ಒಮ್ಮೆ ಕೆಮ್ಮಿ, ಸುಯ್ಯೆಂದು ಊದಿ, ಮತ್ತೊಮ್ಮೆ ಕೆಮ್ಮಿ, ಆಮೇಲೆ ತುಸು ಕೆಂಪು ನೀರನ್ನು ಉಗುಳುತ್ತಿತ್ತು. ಆ ಸದ್ದು ಕಿವಿಗೆ ಬಿದ್ದರೆ ಸಾಕು, ಪಕ್ಕದ ಮನೆಯ ಮರಾಠಿ ಕಾಕೂ "ಪಾಣೀ ಆಲಂ ಗ, ಪಾಣೀ ಆಲಂ!" ಎಂದು ಓಣಿಯ ಕೊನೆಯ ಮನೆಗೂ ಕೇಳುವಂತೆ ಕೂಗುತ್ತಿದ್ದರು. ನೀರು ಎಲ್ಲರ ನಳಕ್ಕೂ ಒಟ್ಟಿಗೇ ಬಂದಿರುತ್ತಿತ್ತು. ಆದರೂ ಕಾಕೂ ಕೂಗುವವರೆಗೆ ಅದು ಬಂದ ಲೆಕ್ಕವೇ ಅಲ್ಲ. ಅವರು ಮಗಳ ಮನೆಗೆ ಹೋದ ದಿನ ಓಣಿಯ ಅರ್ಧ ಜನ ನೀರು ತುಂಬುವುದನ್ನೇ ಮರೆತು ಕೂತದ್ದು ನನಗೆ ನೆನಪಿದೆ.

ಮೊದಲ ಕೆಂಪು ನೀರು ಬಕೆಟ್ಟಿಗೆ. ಅದು ನೆಲ ಒರೆಸಲು. ಆಮೇಲಿನ ಮಬ್ಬು ನೀರು ಬಟ್ಟೆ, ಪಾತ್ರೆಗೆ. ನೀರು ತಿಳಿಯಾದ ಮೇಲೆ ಅವ್ವ ನಳದ ಬಾಯಿಗೆ ಹಳೆಯ ಬಿಳಿ ಧೋತರದ ತುಂಡನ್ನು ಬಿಗಿದು ಕಟ್ಟಿ, ಹುಣಸೆಹುಳಿ ಹಚ್ಚಿ ಫಳಫಳ ಮಾಡಿದ ಹಿತ್ತಾಳೆ ಕೊಡವನ್ನು ಕೆಳಗಿಡುತ್ತಿದ್ದಳು. ಅದು ಕುಡಿಯುವ ನೀರು. ಅದಕ್ಕೂ ಮುಂಚೆ ನಿನ್ನೆ ತುಂಬಿಟ್ಟು ಉಳಿದದ್ದನ್ನು ಅಂಗಳದ ಗಿಡಗಳಿಗೆ ಹಾಕಿ ಕೊಡವನ್ನು ಖಾಲಿ ಮಾಡುವುದು ಓಣಿಯ ಎಲ್ಲ ಮನೆಗಳ ರೂಢಿ. ನಿನ್ನೆಯ ನೀರು ಹಳಸಿದ ನೀರು. ಅನ್ನ ಹಳಸುತ್ತದೆ, ಸಾರು ಹಳಸುತ್ತದೆ, ನೀರು ಹೇಗೆ ಹಳಸುತ್ತದೆ ಎಂದು ನಾನು ಶಾಲೆಯಲ್ಲಿ ವಿಜ್ಞಾನ ಓದಿದ ಧಿಮಾಕಿನಿಂದ ಕೇಳಿದರೆ ಅವ್ವ ಕೊಡವನ್ನು ನನ್ನ ಮುಖದ ಹತ್ತಿರ ತರುತ್ತಿದ್ದಳು.

"ನಿನ್ನ ಪುಸ್ತಕಕ್ಕ ಮೂಗು ಅದಾ ಏನು? ನಿನಗರ ಅದಲ್ಲ, ಮೂಸಿ ನೋಡು."

ನನಗೆ ಯಾವ ವಾಸನೆಯೂ ಬರುತ್ತಿರಲಿಲ್ಲ. ಬಂತು ಎಂದು ಹೇಳಿ ಪಾರಾಗುತ್ತಿದ್ದೆ.

ಈಗ ನಾನು ಪುಣೆಯ ಕಾತ್ರಜದಲ್ಲಿ, ನಾಲ್ಕನೆಯ ಮಹಡಿಯ ಮನೆಯಲ್ಲಿ ಇದ್ದೇನೆ. ಅಡುಗೆಮನೆಯ ಗೋಡೆಗೆ ನೀರಿನ ಮಷೀನು ತೂಗುಹಾಕಿದ್ದಾರೆ. ಅದರ ಹೊಟ್ಟೆ ತುಂಬಿದರೆ ಹಾಡು ಹೇಳುತ್ತದೆ, ಜಾಳಿಗೆ ಕೆಟ್ಟರೆ ಕೆಂಪು ದೀಪ ಹಚ್ಚಿಕೊಂಡು ಕಿರುಚುತ್ತದೆ. ಎದುರು ಮನೆಗೆ ಮೈಸೂರಿನ ಕಡೆಯ ಹುಡುಗಿಯೊಬ್ಬಳು ಬಂದಿದ್ದಾಳೆ, ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ. ಮೊದಲ ದಿನವೇ "ಆಂಟಿ, ನಿಮ್ಮನೇಲಿ ಟಿಡಿಎಸ್ ಎಷ್ಟು ಬರುತ್ತೆ?" ಎಂದು ಕೇಳಿದಳು. ಸಂಬಳದಲ್ಲಿ ಹಿಡಿಯುವ ತೆರಿಗೆಯ ವಿಷಯ ಇರಬೇಕೆಂದು ನಾನು ಯಜಮಾನರನ್ನು ಕರೆದೆ. ಅವಳು ಕೇಳಿದ್ದು ನೀರಲ್ಲಿ ಕರಗಿದ ಲವಣದ ಲೆಕ್ಕ. ಮಷೀನಿನ ನೀರು ಸ್ವಚ್ಛ ಇರುವುದು ನಿಜ, ಅದರ ಮೇಲೆ ನನ್ನ ತಕರಾರಿಲ್ಲ. ಅದಕ್ಕೊಂದು ರುಚಿ ಇಲ್ಲ ಅನ್ನುವುದೇ ನನ್ನ ಸಂಕಟ. ಕುಡಿದರೆ ನೀರಡಿಕೆ ಹೋಗುತ್ತದೆ, ಕುಡಿದೆ ಅನ್ನಿಸುವುದಿಲ್ಲ.

ನಮ್ಮೂರು ಪುಣೆಯಿಂದ ಘಾಟು ದಾಟಿದರೆ ಜೇಜುರಿಗೆ ಹೋಗುವ ದಾರಿಯಲ್ಲಿ ಸಿಗುವ ಸಣ್ಣ ಪೇಟೆ. ಪುಣೆಯವರಿಗೆ ಅದು ಹಳ್ಳಿ, ಸುತ್ತಲಿನ ಹಳ್ಳಿಯವರಿಗೆ ಅದೇ ಪಟ್ಟಣ. ಊರ ದಂಡೆಯ ದಿಬ್ಬದ ಮೇಲೆ ಎತ್ತರದ ನೀರಿನ ಟಾಕಿಯೊಂದಿದೆ. ಅದನ್ನು ಕಟ್ಟಲು ಗುತ್ತಿಗೆದಾರನೊಬ್ಬ ಯಾದಗಿರಿ ಕಡೆಯಿಂದ ಕರೆತಂದ ಕೂಲಿಯಾಳುಗಳಲ್ಲಿ ನನ್ನ ಅಪ್ಪನೂ ಅವ್ವನೂ ಇದ್ದರು. ನಾನಾಗ ಮರಳಿನ ರಾಶಿಯ ಪಕ್ಕ ಸೀರೆಯ ಜೋಳಿಗೆಯಲ್ಲಿ ಮಲಗಿದ್ದ ಕೂಸು. ಅವ್ವ ಕಾಂಕ್ರೀಟಿನ ಬುಟ್ಟಿ ಹೊತ್ತು ಸಾರವೆ ಹತ್ತುತ್ತಿದ್ದಳಂತೆ, ನಾನು ಅತ್ತರೆ ಮೇಲಿಂದಲೇ ಬೈಯುತ್ತಿದ್ದಳಂತೆ. ಟಾಕಿ ಮುಗಿದ ಮೇಲೆ ಉಳಿದವರು ಬೇರೆ ಕೆಲಸ ಹುಡುಕಿಕೊಂಡು ಹೋದರು. ಅಪ್ಪನಿಗೆ ಅಲ್ಲೇ ಗೌಂಡಿ ಕೆಲಸ ಸಿಕ್ಕಿತು. ಬರುಬರುತ್ತಾ ಎರಡು ಕೋಣೆಯ ಮನೆ ಆಯಿತು, ಮನೆಯ ಮುಂದೆ ಒಂದು ನಳ ಬಂತು. ಅಪ್ಪ ತೀರಿಕೊಂಡು ವರ್ಷಗಳಾದವು. ಅವ್ವ ಅದೇ ಮನೆಯಲ್ಲಿ, ನನ್ನ ತಮ್ಮನ ಸಂಸಾರದ ಜೊತೆ, ಇವತ್ತಿಗೂ ಎಲ್ಲರ ಮೇಲೆ ಜೋರು ಮಾಡಿಕೊಂಡು ಇದ್ದಾಳೆ.

ಅವ್ವನ ಬಾಯಲ್ಲಿ ಅದು ಊರ ಟಾಕಿ ಅಲ್ಲ, ನಮ್ಮ ಟಾಕಿ. "ಆ ಟಾಕ್ಯಾಗ ನನ್ನ ಬೆವರು ಅದ" ಎಂದು ಹೇಳಿಕೊಂಡರೆ ಕಾಕೂ ಮೂಗು ಮುಚ್ಚಿಕೊಂಡು, ಹಾಗಾದರೆ ನಾಳೆಯಿಂದ ಆ ನೀರನ್ನು ನಾನು ಕುಡಿಯುವುದೇ ಇಲ್ಲ ಎಂದು ಮರಾಠಿಯಲ್ಲಿ ನಗುತ್ತಿದ್ದರು. ಅವ್ವನಿಗೆ ಅದೂ ಹೆಮ್ಮೆಯೇ.

ಮನೆಯ ಮುಂದಿನ ಬೇವಿನ ಮರದ ಬುಡದಲ್ಲಿ ಅವ್ವನ ಅರವಟ್ಟಿಗೆ ಇತ್ತು. ಬೇಸಿಗೆ ಹತ್ತಿತೆಂದರೆ ಹಸಿ ಮರಳು ಹಾಸಿ ದೊಡ್ಡ ಮಡಿಕೆಗಳನ್ನು ಅದರಲ್ಲಿ ಹೂತು, ಒಳಗೆ ಲಾವಂಚದ ಬೇರು ಹಾಕಿ, ಮೇಲೆ ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ಚರಿಗೆ ಇಡುತ್ತಿದ್ದಳು. ಜೇಜುರಿಯ ಖಂಡೋಬಾ ನಮ್ಮ ಕಡೆಯವರಿಗೆ ಮಲ್ಲಯ್ಯ. ಕರ್ನಾಟಕದಿಂದ ಬಂದ ಜನ ಕಾತ್ರಜದಲ್ಲಿ ಬಸ್ಸಿಳಿದು ಜೀಪು ಹಿಡಿಯುತ್ತಾರೆ, ಕೆಲವರು ಊರಿಂದಲೇ ಟೆಂಪೋ ಮಾಡಿಕೊಂಡು ಬರುತ್ತಾರೆ, ಹರಕೆ ಹೊತ್ತವರು ನಡೆದೇ ಬರುತ್ತಾರೆ. ಹಣೆ, ಕೊರಳು, ಅಂಗಿ ಎಲ್ಲ ಭಂಡಾರದ ಅರಿಸಿನ. ದೂರದಿಂದ 'ಏಳುಕೋಟಿ' ಎಂಬ ಕೂಗು ಕೇಳಿದರೆ ಅವ್ವ ಒಲೆಯ ಮೇಲಿನ ರೊಟ್ಟಿಯನ್ನು ನನ್ನ ಪಾಲಿಗೆ ಬಿಟ್ಟು ಹೊರಗೆ ಓಡುತ್ತಿದ್ದಳು.

"ಯಾವ ಕಡಿಯವರ್ರಿ? ಬರ್ರಿ, ನೆರಳಿಗೆ ಬರ್ರಿ."

ಮರಾಠಿ ಸೀಮೆಯ ನಡುವೆ ತಮ್ಮ ಮಾತು ಕೇಳಿದವರ ಮುಖ ಅರಳುವುದನ್ನು ನೋಡಬೇಕಿತ್ತು. ಮಳೆ, ಜೋಳದ ಬೆಳೆ, ಯಾರದೋ ಮಗಳ ಮದುವೆ, ಎಲ್ಲ ಸುದ್ದಿ ಅಲ್ಲೇ ಆಗುತ್ತಿತ್ತು. ಅವ್ವ ತವರಿಗೆ ಹೋಗುತ್ತಿದ್ದದ್ದು ತೀರ ಕಡಿಮೆ. ಯಾಕೆ ಹೋಗುವುದಿಲ್ಲ ಎಂದು ಕೇಳಿದರೆ "ಅಲ್ಲೇನದ? ಮಂದಿ ತಾವೇ ಇಲ್ಲಿಗೆ ಬರ್ತಾರಲ್ಲ" ಎನ್ನುತ್ತಿದ್ದಳು.

ಆ ಅರವಟ್ಟಿಗೆಗೆ ಒಂದು ಕಟ್ಟುನಿಟ್ಟಾದ ರೀತಿ ಇತ್ತು. ಅವ್ವ ಯಾರಿಗೂ ನೀರು ಹಾಕುತ್ತಿರಲಿಲ್ಲ. ತಟ್ಟೆ ಸರಿಸಿ, ಚರಿಗೆ ಮುಳುಗಿಸಿ, ಬೇಕಾದಷ್ಟು ತಾವೇ ತೆಗೆದುಕೊಳ್ಳಬೇಕು. "ನಿಮ್ಮ ಕೈಲೆ ತಗೊಳ್ರಿ" ಅನ್ನುವುದು ಅವಳ ಮಂತ್ರ. ಪೇಟೆಯ ವರ್ತಕರು ಚೌಕದಲ್ಲಿ ಇಟ್ಟಿದ್ದ ಅರವಟ್ಟಿಗೆಯಲ್ಲಿ ಕೂತವನೊಬ್ಬ ಗಿಂಡಿಯಿಂದ ಎತ್ತಿ ಸುರಿಯುತ್ತಿದ್ದ. ಅದನ್ನು ಕಂಡರೆ ಅವ್ವನಿಗೆ ಆಗದು. ನೀರು ಕೊಡಲಿಕ್ಕೆ ಕೂತಾನೋ ಕಾವಲಿಗೆ ಕೂತಾನೋ ಎಂದು ಮೂಗು ಮುರಿಯುತ್ತಿದ್ದಳು. ಚೌಕದವರ ಮೇಲಿನ ಹೊಟ್ಟೆಕಿಚ್ಚು ಇರಬೇಕೆಂದು ನಾನು ಅಂದುಕೊಂಡಿದ್ದೆ.

ಇನ್ನೊಂದು ಹಟವೂ ಇತ್ತು. ಬೇಸಿಗೆಯಲ್ಲಿ ಪುರಸಭೆಯವರು ಟಾಕಿಗೆ ಔಷಧಿ ಪುಡಿ ಹಾಕಿದಾಗ ನಳದ ನೀರಿಗೆ ಘಾಟು ವಾಸನೆ ಬರುತ್ತಿತ್ತು. ಮನೆಯವರು ಅದನ್ನು ಹಾಗೇ ಕುಡಿಯುತ್ತಿದ್ದೆವು. ನಾನಂತೂ ಚಹಾದಲ್ಲೂ ಆ ವಾಸನೆ ಹಿಡಿಯುತ್ತಿದ್ದೆ, ಈಗ ಅದು ಎಲ್ಲಿಂದಲಾದರೂ ಬಂದರೆ ನಮ್ಮ ಅಂಗಳವೇ ಎದುರಿಗೆ ಬಂದಂತಾಗುತ್ತದೆ. ದೇವರಿಗೆ ಹೋಗುವವರಿಗೆ ಮಾತ್ರ ದವಾಖಾನೆಯ ವಾಸನೆ ಕುಡಿಸಬಾರದು ಎನ್ನುವುದು ಅವ್ವನ ನೇಮ. ಅವರ ಮಡಿಕೆಯ ನೀರನ್ನು ಹಿಂದಿನ ದಿನವೇ ತುಂಬಿ, ಬಾಯಿ ತೆರೆದಿಟ್ಟು, ಆಗಾಗ ಚರಿಗೆಯಿಂದ ಎತ್ತಿ ಸುರಿದು, ವಾಸನೆ ಪೂರಾ ಹೋಗುವವರೆಗೆ ಆರಿಸುತ್ತಿದ್ದಳು. ಮನೆಯ ಕೊಡದಲ್ಲಿ ಒಂದು ರಾತ್ರಿ ಉಳಿದ ನೀರು ಹಳಸಿದ್ದು, ಮಡಿಕೆಯಲ್ಲಿ ಒಂದು ರಾತ್ರಿ ಉಳಿದದ್ದು ತೀರ್ಥವೋ ಎಂದು ನಾನು ಚುಡಾಯಿಸಿದರೆ, "ಅದು ಹಳಸಿದ್ದಲ್ಲ, ಆರಿದ್ದು" ಎಂದು ಮುಖ ತಿರುಗಿಸುತ್ತಿದ್ದಳು.

ಕೆಲವು ವರ್ಷಗಳ ಹಿಂದೆ, ಚೈತ್ರದಲ್ಲಿ, ಕೆಳಗಿನ ಪೇಟೆಯಲ್ಲಿ ಕಾಮಾಲೆ ಬಂತು. ಅಲ್ಲಿ ನೀರಿನ ಪೈಪು ಗಟಾರದ ಬದಿಯಲ್ಲೇ ಹಾದುಹೋಗಿತ್ತು, ಎಲ್ಲೋ ಒಡೆದಿತ್ತು. ಮಕ್ಕಳಿಗೆ ರಜೆ ಇದ್ದದ್ದರಿಂದ ನಾನು ಆಗ ಅವ್ವನ ಮನೆಯಲ್ಲೇ ಇದ್ದೆ. ಪೈಪಿನ ಸುದ್ದಿ ಗೊತ್ತಾಗುವ ಮೊದಲು ಊರಿಗೆ ಬೇರೆ ಸುದ್ದಿಗಳು ಹಬ್ಬಿದವು. ಟಾಕಿಯಲ್ಲಿ ಪಾರಿವಾಳ ಸತ್ತು ಬಿದ್ದಿದೆ ಎಂದರು. ಸಂಜೆಗೆ ಆ ಪಾರಿವಾಳ ನಾಯಿಯಾಯಿತು, ಮರುದಿನ ಹಿಟ್ಟಿನ ಗಿರಣಿಯಲ್ಲಿ ಮಂಗವಾಯಿತು. ಅವ್ವ ಗಿರಣಿಯಲ್ಲೇ ಜಗಳ ತೆಗೆದಳು. ಏಣಿಯ ಬಾಗಿಲಿಗೆ ಬೀಗ ಇರುತ್ತದೆ, ಮೇಲೆ ಮುಚ್ಚಳ ಇದೆ, ಆ ಮುಚ್ಚಳ ಕೂರಿಸಿದವನು ನನ್ನ ಗಂಡ, ಮಂಗ ಏನು ಕೀಲಿ ತೆಗೆದುಕೊಂಡು ಹೋಗಿತ್ತೇ ಎಂದು ತನ್ನ ಮುರುಕು ಮರಾಠಿಯಲ್ಲಿ ಕೂಗಾಡಿ, ಹಿಟ್ಟಿನ ಡಬ್ಬಿಯನ್ನು ಅಲ್ಲೇ ಬಿಟ್ಟು ಮನೆಗೆ ಬಂದಳು. ಡಬ್ಬಿ ತರಲು ನಾನು ಹೋಗಬೇಕಾಯಿತು.

ಪುರಸಭೆಯ ಆರೋಗ್ಯ ವಿಭಾಗದ ಹೆಣ್ಣುಮಗಳೊಬ್ಬಳು ಓಣಿ ಓಣಿಗೆ ಬಂದು ನೀರು ಪರೀಕ್ಷೆ ಮಾಡತೊಡಗಿದಳು. ಅವಳ ಚೀಲದ ತುಂಬ ಚಿಕ್ಕ ಬಾಟಲಿಗಳು. ಗುರುತಿನವರೆಗೆ ನೀರು ತುಂಬಿ ಬಿಸುಪಿರುವ ಜಾಗದಲ್ಲಿ ಇಡಬೇಕು, ನೀರಲ್ಲಿ ಹೊಲಸು ಸೇರಿದ್ದರೆ ಒಂದೆರಡು ದಿನದಲ್ಲಿ ಅದು ಕಪ್ಪಾಗುತ್ತದೆ. ನಮ್ಮ ನಳದಿಂದ ಒಂದು ಬಾಟಲಿ ತುಂಬಿದಳು. ಅವ್ವ ಅಷ್ಟಕ್ಕೆ ಬಿಡಲಿಲ್ಲ. ಟಾಕಿಯ ನೀರು ಎಷ್ಟು ಚೊಕ್ಕ ಎಂದು ಊರಿಗೆ ತೋರಿಸುವ ಹುರುಪಿನಲ್ಲಿ ಅವಳ ಕೈ ಹಿಡಿದು ಬೇವಿನ ಮರದ ಕೆಳಗೆ ಕರೆದೊಯ್ದಳು.

"ಇದರಾಗಿಂದೂ ತಗೋ. ಮಂದಿ ಬಾಯಿ ಮುಚ್ಚಲಿ" ಎಂದು ಕನ್ನಡದಲ್ಲೇ ಹೇಳಿ, ಕೈಸನ್ನೆಯಲ್ಲಿ ತಿಳಿಸಿದಳು.

ಆ ಹುಡುಗಿ ಮಡಿಕೆಯ ನೀರನ್ನು ಇನ್ನೊಂದು ಬಾಟಲಿಗೆ ತುಂಬಿ, ಗುರುತಿಗೆ ಕೆಂಪು ದಾರ ಕಟ್ಟಿಕೊಟ್ಟಳು. ಎರಡನ್ನೂ ಅವ್ವ ದೇವರ ಮಾಡದಲ್ಲಿ, ದೀಪದ ಬದಿಗೆ ಇಟ್ಟಳು. ಸುಮ್ಮನೆ ಇಡದೆ ಎರಡಕ್ಕೂ ಭಂಡಾರ ಹಚ್ಚಿದಳು. ಪರೀಕ್ಷೆಗೆ ಕೂತ ಮಕ್ಕಳಿಗೂ ಹೀಗೇ ಹಚ್ಚುತ್ತಿದ್ದೆಯಲ್ಲ ಎಂದು ನಾನು ನಕ್ಕೆ. ಅವಳೂ ನಕ್ಕಳು.

ಮರುದಿನ ದೀಪ ಹಚ್ಚಲು ಹೋದ ಅವ್ವ ನನ್ನನ್ನು ಕರೆದಳು. ದನಿ ಎಂದಿನಂತಿರಲಿಲ್ಲ. ನಳದ ನೀರಿನ ಬಾಟಲಿ ಹಿಂದಿನ ದಿನ ಇದ್ದಂತೆಯೇ ಇತ್ತು. ಕೆಂಪು ದಾರದ ಬಾಟಲಿ ಕಾಡಿಗೆ ಕಲಸಿದ ಹಾಗೆ ಕಪ್ಪಾಗಿತ್ತು.

"ಅದಲುಬದಲಾಗ್ಯಾವ" ಎಂದಳು ಅವ್ವ.

"ದಾರ ಅದ ಅಲ್ಲವ್ವ."

ಅವಳು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು, ತಿರುಗಿಸಿದಳು, ಮತ್ತೆ ಮಾಡದಲ್ಲಿ ಇಡಲು ಹೋಗಿ ದೇವರ ಮುಂದೆ ಇಡಲಾರದೆ ನೆಲದ ಮೇಲೆ ಇಟ್ಟಳು. ಊರೆಲ್ಲ ಅನುಮಾನಪಟ್ಟ ಟಾಕಿಯ ನೀರು ಗೆದ್ದಿತ್ತು. ಅವಳು ತೊಳೆದು, ಆರಿಸಿ, ಲಾವಂಚ ಹಾಕಿ ಇಟ್ಟ ನೀರು ಸೋತಿತ್ತು. ನನಗೆ ಅವಳ ಮುಖ ನೋಡಲಾಗಲಿಲ್ಲ.

ಆರೋಗ್ಯದ ಹುಡುಗಿ ಬಂದಾಗ ಅವ್ವನನ್ನು ಮಾವಶೀ ಎಂದು ಕರೆಯುತ್ತಾ ಮೆಲ್ಲಗೆ ವಿವರಿಸಿದಳು. ನಳದ ನೀರಿನಲ್ಲಿ ಔಷಧಿ ಇನ್ನೂ ಉಳಿದಿದೆ, ಆ ವಾಸನೆಯೇ ಕಾವಲು. ಮಾವಶೀ ಅದನ್ನು ಆರಿಸಿ ಕಳೆದುಬಿಟ್ಟರು, ಆಮೇಲೆ ಅಷ್ಟು ಜನ ಚರಿಗೆ ಮುಳುಗಿಸುವಾಗ ಎಲ್ಲರ ಕೈಬೆರಳೂ ನೀರಿಗೆ ತಾಗಿದವು. ಯಾರಿಗೂ ಏನೂ ಆಗಿರಲಿಕ್ಕಿಲ್ಲ, ಆದರೆ ಕಾಮಾಲೆಯ ಕಾಲ, ಇನ್ನು ಮುಂದೆ ಹೀಗೆ ಬೇಡ ಎಂದಳು. ಉಪಾಯವನ್ನೂ ಅವಳೇ ಹೇಳಿದಳು. ಮಡಿಕೆಯನ್ನು ಯಾರೂ ಮುಟ್ಟಕೂಡದು. ಮಾವಶೀ ಉದ್ದ ಹಿಡಿಕೆಯ ಸೌಟಿನಿಂದ ನೀರು ತೆಗೆದು ಮೇಲಿಂದ ಸುರಿಯಲಿ, ಬಂದವರು ಬೊಗಸೆ ಒಡ್ಡಿ ಕುಡಿಯಲಿ.

"ವರೂನ್?" ಎಂದು ಕೇಳಿದಳು ಅವ್ವ. ಮೇಲಿನಿಂದಲೇ?

ಹೌದು, ಮೇಲಿನಿಂದ, ಕೈಗೆ ತಾಗದ ಹಾಗೆ.

"ತೇ ಮೀ ನಾಹೀ ಕರಣಾರ" ಎಂದಳು ಅವ್ವ. ಅದನ್ನು ಮಾತ್ರ ನಾನು ಮಾಡುವುದಿಲ್ಲ.

ಹುಡುಗಿ ಮತ್ತೊಮ್ಮೆ ಹೇಳಿದಳು. ಅವ್ವ ಮತ್ತೊಮ್ಮೆ ಅದನ್ನೇ ಹೇಳಿದಳು. ಹಾಗಾದರೆ ಸದ್ಯಕ್ಕೆ ಮುಚ್ಚಿಬಿಡಿ ಮಾವಶೀ ಎಂದು ಆಕೆ ಬೇಸರದಿಂದಲೇ ಎದ್ದುಹೋದಳು. ಅವ್ವ ಅಂಗಳಕ್ಕೆ ಹೋಗಿ ಮಡಿಕೆಗಳ ನೀರನ್ನೆಲ್ಲ ಬೇವಿನ ಬುಡಕ್ಕೆ ಚೆಲ್ಲಿ, ಒಂದೊಂದನ್ನೂ ಬೋರಲು ಹಾಕಿದಳು.

ನನಗೆ ಸಿಟ್ಟು ಬಂತು. ಸಿಟ್ಟು ಬೇಗ ಬರುವುದು ನಾನು ಅವಳಿಂದಲೇ ಪಡೆದದ್ದು. ಕಾಮಾಲೆ ಬಂದ ಊರಲ್ಲಿ ಒಂದು ಸೌಟು ಹಿಡಿದು ಸುರಿಯಲು ಇವಳಿಗೆ ಏನು ಕಷ್ಟ ಅನ್ನಿಸಿತು.

"ಏನವ್ವ ನಿನ್ನ ಹಟ? ಮ್ಯಾಲಿಂದ ಹಾಕಿದ್ರ ನಿನ್ನ ಗಂಟೇನು ಹೋಗ್ತದ?"

ಅವ್ವ ಬೋರಲು ಹಾಕಿದ ಮಡಿಕೆಯ ಪಕ್ಕ ಕೂತಳು. ಆಮೇಲೆ ನನ್ನ ಕಡೆ ನೋಡದೆ ಹೇಳಿದಳು.

"ನಮ್ಮೂರಾಗ ಬಾವಿ ಕಟ್ಟಿ ನಾವು ಹತ್ತೂಹಂಗ ಇರಲಿಲ್ಲ. ಕೊಡ ಇಟ್ಟು ದೂರ ನಿಂದ್ರಬೇಕು. ಯಾರರ ಬಂದು ಸುರುವಿದ್ರ ನೀರು, ಇಲ್ಲಂದ್ರ ಇಲ್ಲ. ನೀರಡಸಿದ್ರ ಬೊಗಸಿ ಒಡ್ಡಬೇಕು. ಅವರು ಎತ್ತರದಿಂದ ಹಾಕೋರು. ಮೂಗಿನಾಗ ಹೊಕ್ಕು ಉಸುರು ಕಟ್ಟೋದು. ಕೆಮ್ಮಿದ್ರ ನಗೋರು. ನಾ ಆವಾಗ ನಿನ್ನ ಮಗಳಷ್ಟಿದ್ದೆ."

ನನ್ನ ಮಗಳು ಆಗ ಅಂಗಳದ ಇನ್ನೊಂದು ತುದಿಯಲ್ಲಿ ಹಗ್ಗ ಹಾರುತ್ತಿದ್ದಳು.

"ಇಲ್ಲಿಗೆ ಬಂದ್ವಿ, ಟಾಕಿ ಕಟ್ಟಿದ್ವಿ. ಮೊದಲ ದಿನ ನೀರು ಬಿಟ್ಟಾಗ ಆ ದೊಡ್ಡ ನಳ ತಿರುವಿದಾಕಿ ನಾನು. ನೀ ಯಾರಂತ ಯಾರೂ ಕೇಳಲಿಲ್ಲ. ಆ ನೀರನ್ನ ನಾ ಇನ್ನೊಬ್ಬರಿಗೆ ಮ್ಯಾಲಿಂದ ಸುರುವಲೇನು? ನನ್ನ ಕೈಲೆ ಆಗೂದಿಲ್ಲ. ಬ್ಯಾಡ ಅಂದ್ರ ಮುಚ್ಚತೀನಿ."

ಯಾದಗಿರಿ ಕಡೆಯ ಆ ಊರಲ್ಲಿ ನಮ್ಮವರ ಮನೆ ಊರ ಹೊರಗಿನ ಓಣಿಯಲ್ಲಿತ್ತು ಎಂದು ನನಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚನ್ನು ಅಪ್ಪ, ಅವ್ವ ಎಂದೂ ನಮ್ಮ ಕಿವಿಗೆ ಹಾಕಿರಲಿಲ್ಲ. ಅವರು ಹೇಳುತ್ತಿದ್ದದ್ದು ಅಲ್ಲಿನ ಹೊಳೆ, ಎಳೆ ಜೋಳದ ಸೀತನಿ, ಹುಣಸೆಮರ ಇವೇ. ನಾವು ಹುಟ್ಟಿದಾಗಿನಿಂದ ನಳದ ಕಿವಿ ಹಿಡಿದು ತಿರುವಿದವರು, ಅದರಲ್ಲೊಂದು ವಿಶೇಷ ಇದೆಯೆಂದು ಹೊಳೆದಿರಲೇ ಇಲ್ಲ. ನಾನು ಹೆಸರೂ ಮುಖವೂ ಗೊತ್ತಿಲ್ಲದ ಆ ನೀರು ಸುರಿದವರನ್ನು ಮನಸ್ಸಿನಲ್ಲೇ ಬಾಯಿಗೆ ಬಂದಂತೆ ಬೈದೆ. ಆಮೇಲೆ ಅಳು ಬಂತು. ಅವ್ವ "ನೀ ಯಾಕ ಅಳತಿ, ಎದ್ದು ಹೋಗಿ ಚಾ ಮಾಡು" ಎಂದಳು.

ಚೈತ್ರದ ಹುಣ್ಣಿಮೆ ಹತ್ತಿರ ಬಂದಿತ್ತು. ಜನ ಬರುವುದು ನಿಲ್ಲಲಿಲ್ಲ. ವರ್ಷವರ್ಷವೂ ಬರುತ್ತಿದ್ದವರು ಬೇವಿನ ನೆರಳಿಗೆ ಬಂದು ಬೋರಲು ಬಿದ್ದ ಮಡಿಕೆಗಳನ್ನು ನೋಡಿ ಬಾಗಿಲಿಗೆ ಬಂದು ಕೇಳುತ್ತಿದ್ದರು: "ಇಲ್ಲಿ ನೀರಿರ್ತಿತ್ತಲ್ರಿ? ನಮ್ಮ ಯವ್ವ ಎಲ್ಲಿ?" ಅವರ ಯವ್ವ ಒಳಕೋಣೆಯಲ್ಲಿ ಕೂತು, ಹೋಗಿ ಹೇಳು ಎಂದು ನನಗೆ ಕಣ್ಣಲ್ಲೇ ಅಪ್ಪಣೆ ಮಾಡುತ್ತಿದ್ದಳು. ಈ ಸಲ ಇಲ್ಲರಿ, ಊರಾಗ ಕಾಮಾಲಿ ಅದ ಎಂದು ನಾನು ಹೇಳಿ ಕಳಿಸುತ್ತಿದ್ದೆ. ಅವರು ಅಂಗಡಿಯ ಬಾಟಲಿ ಕೊಂಡು ಮುಂದೆ ಹೋಗುತ್ತಿದ್ದರು. ಅವ್ವ ಊಟ ಕಡಿಮೆ ಮಾಡಿದಳು, ಕಾಕೂ ಜೊತೆ ಮಾತು ಕಡಿಮೆ ಮಾಡಿದಳು. ನಳ ಬಂದಾಗಲೂ ತಮ್ಮನ ಹೆಂಡತಿಯೇ ನೀರು ತುಂಬುತ್ತಿದ್ದಳು. ಅರವಟ್ಟಿಗೆ ಇಲ್ಲದ ಅವ್ವ ಹೇಗಿರುತ್ತಾಳೆ ಎಂದು ನನಗೆ ಅದುವರೆಗೆ ಗೊತ್ತಿರಲಿಲ್ಲ, ನೋಡಿ ಹೆದರಿಕೆಯಾಯಿತು. ಎಲ್ಲಾದರೂ ಈ ಹೆಂಗಸು ಇದರಲ್ಲೇ ಇಳಿದುಹೋಗುತ್ತಾಳೇನೋ ಅನ್ನಿಸಿತು.

ಒಂದು ಬೆಳಿಗ್ಗೆ ತಲೆಗೆ ಸೆರಗು ಹೊದ್ದು ಹೊರಟು ನಿಂತಳು. ಎಲ್ಲಿಗೆ ಎಂದರೆ, "ಕುಂಬಾರ ಓಣಿಗೆ. ಮಡಿಕಿಗೆ ನಳ ಕೂಡಸ್ತಾರಲ್ಲ, ಅದನ್ನ ನೋಡೋಣು ನಡಿ."

ಕುಂಬಾರ ಓಣಿಯಲ್ಲಿ ನಳ ಕೂರಿಸಿದ ಮಡಿಕೆಗಳು ಸಾಲಾಗಿ ಇದ್ದವು. ಅವ್ವ ಎಲ್ಲವನ್ನೂ ಬೆರಳಿನಿಂದ ಬಡಿದು ಸದ್ದು ಕೇಳಿ ಎರಡು ದೊಡ್ಡವನ್ನು ಆರಿಸಿದಳು. ಪ್ಲಾಸ್ಟಿಕ್ ನಳ ಅವಳಿಗೆ ಹಿಡಿಸಲಿಲ್ಲ. ಇದನ್ನು ತಿರುವಿದವರಿಗೆ ತಿರುವಿದೆ ಅಂತಾದರೂ ಅನ್ನಿಸಬೇಡವೇ ಎಂದು ಹಾರ್ಡ್‌ವೇರ್ ಅಂಗಡಿಗೆ ಹೋಗಿ ಹಿತ್ತಾಳೆಯ ನಳಗಳನ್ನು ತಂದಳು. ಮಡಿಕೆಗೆ ಅವು ಭಾರ, ಕೂರಿಸಿದಲ್ಲೆಲ್ಲ ಸೋರಿದವು. ಕುಂಬಾರ ಕೈ ಚೆಲ್ಲಿದ. ಒಳಗೊಂದು ಹೊರಗೊಂದು ರಬ್ಬರ್ ವಾಶರ್ ಹಾಕಿ, ಅವ್ವನ ಬೈಗಳ ನಡುವೆ ತಮ್ಮ ಅಂತೂ ಸೋರುವುದನ್ನು ನಿಲ್ಲಿಸಿದ.

ಕಟ್ಟೆಯನ್ನು ಕಟ್ಟಿದ್ದು ಅವ್ವ. ಅಪ್ಪನ ಕರಣೆಯನ್ನು ಅಟ್ಟದಿಂದ ಇಳಿಸಿ, ಇಟ್ಟಿಗೆ ನೆನೆಸಿ, ಸೀರೆಯ ಕಚ್ಚೆ ಹಾಕಿ ಕೂತಳು. ನಾನು ಸಿಮೆಂಟು ಕಲಸಿ ಕೊಟ್ಟೆ, ಅದು ತೆಳುವಾಯಿತೆಂದು ಬೈಸಿಕೊಂಡೆ. ಮುದುಕರು ಬಗ್ಗಬಾರದು, ಮಕ್ಕಳಿಗೂ ಎಟುಕಬೇಕು ಎಂದು ಒಂದು ಕಟ್ಟೆ ಎತ್ತರ, ಒಂದು ಗಿಡ್ಡ. ಮಡಿಕೆಗಳ ಬಾಯಿಗೆ ಬಟ್ಟೆ ಕಟ್ಟಿ ಮುಚ್ಚಳವನ್ನು ಹಗ್ಗದಿಂದ ಬಿಗಿದಳು. ದಿನಾ ಬೆಳಿಗ್ಗೆ ಅವಳೇ ಬಿಚ್ಚಿ, ತೆಂಗಿನ ನಾರಿನಿಂದ ಉಜ್ಜಿ, ಹೊಸ ನೀರು ತುಂಬಿ, ಸರಕಾರಿ ದವಾಖಾನೆಯಲ್ಲಿ ಕೊಟ್ಟ ಔಷಧಿಯ ಹನಿಗಳನ್ನು ಬಿಡುತ್ತಿದ್ದಳು. ಹನಿ ಬಿಡುವಾಗ ಮುಖ ಮಾತ್ರ ಕಹಿ ಮಾಡಿಕೊಳ್ಳುತ್ತಿದ್ದಳು. ಆರೋಗ್ಯದ ಹುಡುಗಿಯನ್ನು ತಾನೇ ಹೋಗಿ ಕರೆತಂದು ಮತ್ತೆ ಪರೀಕ್ಷೆ ಮಾಡಿಸಿದಳು. ಈ ಸಲ ಬಾಟಲಿ ಕಪ್ಪಾಗಲಿಲ್ಲ. ಕಾಕೂ ಬಂದರು, ಬಾಟಲಿ ತೋರಿಸಿದಳು. ಹಾಲಿನವನು ಬಂದ, ಅವನಿಗೂ ತೋರಿಸಿದಳು. ಗಿರಣಿಗೆ ಜೋಳ ಒಯ್ಯುವಾಗ ಚೀಲದಲ್ಲಿ ಅದನ್ನೂ ಒಯ್ದಳು.

ಕುಡಿದವರಲ್ಲಿ ಕೆಲವರು ಮುಖ ಕಿವಿಚಿ "ಏನ್ರಿ ಯವ್ವ, ದವಾಖಾನಿ ವಾಸನಿ ಹೊಡೀತದಲ್ಲ?" ಎಂದು ದೂರಿದರು.

"ಹೊಡೀಲಿ. ಊರಿಗೆ ಹೋಗಿ ಕಾಮಾಲಿ ಹತ್ತಿ ಮಲಗೋದಕ್ಕಿಂತ ಚಲೋ. ಕುಡೀರಿ" ಎನ್ನುತ್ತಿದ್ದಳು. ಮೊದಲಿನ ಗತ್ತು ಬಂದಿತ್ತು. ನನಗೆ ಜೀವ ಬಂದಂತಾಯಿತು.

ಹುಣ್ಣಿಮೆಯ ಹಿಂದುಮುಂದಿನ ಒಂದು ಮಧ್ಯಾಹ್ನ ಟೆಂಪೋ ಒಂದು ಬೇವಿನ ನೆರಳಲ್ಲಿ ನಿಂತಿತು. ಮೈತುಂಬ ಅರಿಸಿನದ ಜನ ಇಳಿದರು. ಯುವಕರು, ಹೆಂಗಸರು, ಮಕ್ಕಳು ನೂಕಾಡಿ, ನಳ ತಿರುವಿ, ಕುಡಿದು, ಮುಖ ತೊಳೆದು, ಬಾಟಲಿ ತುಂಬಿಕೊಂಡು ಟೆಂಪೋದ ಆಚೆಗೆ ಹೋಗಿ ಬುತ್ತಿ ಬಿಚ್ಚಿದರು. ಅವ್ವ ಕುರ್ಚಿ ಹಾಕಿಕೊಂಡು ಕೂತಿದ್ದಳು, ನಾನು ಹೊಸಿಲ ಮೇಲೆ ಇದ್ದೆ. ಎಲ್ಲರೂ ಹೋದ ಮೇಲೆ ಅವರ ಪೈಕಿಯ ಮುದುಕಿಯೊಬ್ಬಳು ಬಂದಳು. ಗಿಡ್ಡ ಕಟ್ಟೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ನಳದ ಕೆಳಗೆ ಬೊಗಸೆ ಒಡ್ಡಿದಳು. ಒಡ್ಡಿಕೊಂಡು ಹಾಗೇ ಕೂತಳು.

"ತಿರುವ್ರಿ ಯವ್ವ" ಎಂದಳು ಅವ್ವ.

"ನೀವೇ ಬಿಡ್ರಿ ತಾಯಿ. ನಾ ಹಿಂಗ ಕುಡೀತೀನಿ."

"ನೀವೇ ತಿರುವ್ರಿ. ನಿಮ್ಮ ಮಂದಿ ಎಲ್ಲಾ ತಿರುವಿ ಕುಡದ್ರಲ್ಲ."

"ಈಗಿನ ಹುಡುಗ್ರು ಅವು, ಅವಕ್ಕೇನು ತಿಳೀತದ." ಮುದುಕಿ ಟೆಂಪೋದ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಸಿಟ್ಟಾಗಬ್ಯಾಡ್ರಿ. ನಾವು ಊರ ಹೊರಗಿನ ಓಣಿಯವರ್ರಿ."

ಅವ್ವ ಕುರ್ಚಿಯಿಂದ ಎದ್ದಳು. ಮೊಣಕಾಲು ನೋವಿನವಳು, ಎದ್ದು ಕೂರುವುದೇ ಅವಳಿಗೊಂದು ದೊಡ್ಡ ಕೆಲಸ. ಆದರೂ ಕಟ್ಟೆ ಹಿಡಿದುಕೊಂಡು ನಿಧಾನವಾಗಿ ಮುದುಕಿಯ ಪಕ್ಕದಲ್ಲೇ ಕುಕ್ಕರಿಸಿದಳು.

"ನಾನೂ ಅದೇ ಓಣಿಯಾಕಿನೇ" ಎಂದಳು.

ಮುದುಕಿ ಅವಳ ಮುಖ ನೋಡಿದಳು. ಹಿಂದಿನ ಮನೆಯನ್ನು ನೋಡಿದಳು, ಹೊಸಿಲ ಮೇಲಿದ್ದ ನನ್ನನ್ನು ನೋಡಿದಳು. ಒಡ್ಡಿದ ಬೊಗಸೆ ಬಿಚ್ಚಿತು. ಬಲಗೈ ಮೆಲ್ಲಗೆ ನಳದ ಮೇಲೆ ಹೋಯಿತು. ಎಷ್ಟು ತಿರುವಬೇಕೆಂದು ಅಂದಾಜು ಸಿಗದೆ ಪೂರಾ ತಿರುವಿಬಿಟ್ಟಳು. ನೀರು ಧೋ ಎಂದು ಸುರಿದು ಕಟ್ಟೆಗೆ ಸಿಡಿದು ಇಬ್ಬರ ಸೀರೆಯನ್ನೂ ತೋಯಿಸಿತು. ಮುದುಕಿ ಕುಡಿದಳು, ಮತ್ತೆ ಕುಡಿದಳು, ಕುಡಿಯುತ್ತಲೇ ಅತ್ತಳು. ಒಂದು ಹನಿ ಹಾಳಾದರೂ ಓಣಿಗೆ ಓಣಿಯನ್ನೇ ಬೈಯುವ ನನ್ನ ಅವ್ವ ಆಕೆಯ ಬೆನ್ನ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ಮಡಿಕೆ ಖಾಲಿಯಾಗುತ್ತಿತ್ತು. ನಾನೂ ಎದ್ದು ನಳ ನಿಲ್ಲಿಸಲು ಹೋಗಲಿಲ್ಲ.